ಸಂಪಾದಕರ ಉತ್ತರ: ಮಳೆಗಾಲದಲ್ಲಿ ಪೆಟ್ಟಿಗೆ ನೋಡಿಕೊಳ್ಳುವವರು ಯಾರು?

ಈ ಸಲ ಒಂದೇ ಪತ್ರಕ್ಕೆ ಉತ್ತರ ಬರೆಯುತ್ತಿದ್ದೇನೆ. ಉಳಿದವರು ಕ್ಷಮಿಸಬೇಕು, ಮುಂದಿನ ಸಂಚಿಕೆಯಲ್ಲಿ ನೋಡೋಣ.

ಪತ್ರ ಬರೆದವರು ಉತ್ತರ ಕನ್ನಡದ ಸಿದ್ದಾಪುರ ಕಡೆಯವರು. ಹೆಸರು, ಊರು ಹಾಕಬೇಡಿ ಎಂದಿದ್ದಾರೆ. ಡಿಗ್ರಿ ಮುಗಿಸಿ ಐದು ವರ್ಷದಿಂದ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಅಮೆರಿಕದಲ್ಲಿ ಯಾರದೋ ಕಂಪ್ಯೂಟರ್ ಕೈಕೊಟ್ಟರೆ ಇವರು ಇಲ್ಲಿ ನಿದ್ದೆಗೆಟ್ಟು ಸರಿಮಾಡುತ್ತಾರೆ. ಸಂಬಳ 42 ಸಾವಿರ. ಪಿ.ಜಿ.ಯಲ್ಲಿ ವಾಸ. ಊರಲ್ಲಿ ಒಂದೂವರೆ ಎಕರೆ ಅಡಿಕೆ ತೋಟ, ಮೂರು ಜೇನು ಪೆಟ್ಟಿಗೆ. ಕಳೆದ ಫೆಬ್ರವರಿಯಲ್ಲಿ ರಜೆ ಹಾಕಿ ಹೋದಾಗ ತಾವೇ ಜೇನು ತೆಗೆದರಂತೆ. ಆವತ್ತಿನಿಂದ ಕೆಲಸದಲ್ಲಿ ಮನಸ್ಸಿಲ್ಲ. "ಸಾರ್, ನನ್ನ ದಾರಿ ಇದಲ್ಲ ಅಂತ ದಿನಾ ಅನಿಸುತ್ತದೆ. ಊರಿಗೆ ಬಂದು ಜೇನು ಸಾಕುತ್ತೇನೆ ಎಂದಿದ್ದಕ್ಕೆ ಅಪ್ಪ ಮಾತು ಬಿಟ್ಟಿದ್ದಾರೆ. ಏರ್ ಡೆಕ್ಕನ್ ವಿಮಾನ ಕಂಪನಿ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ 28ನೇ ವಯಸ್ಸಿಗೆ ಸೇನೆ ಬಿಟ್ಟು ಹಳ್ಳಿಗೆ ಹೋದರು. ನನಗೂ ಬರುವ ಅಕ್ಟೋಬರ್‌ಗೆ 28. ಧೈರ್ಯ ಮಾಡಲೇ?" ಇದು ಅವರ ಪ್ರಶ್ನೆ.

ಗೆಳೆಯರೇ,

ನಿಮ್ಮ ಪತ್ರ ಏಳು ಪುಟ ಇದೆ. ಅದರಲ್ಲಿ ಐದು ಪುಟ ಬೆಂಗಳೂರು. ಬೆಳಗಿನ ಜಾವ ಕ್ಯಾಬ್‌ನಲ್ಲಿ ವಾಪಸ್ ಬರುವುದು, ಪಿ.ಜಿ.ಯ ಸಾಂಬಾರು, ಹಗಲಲ್ಲಿ ನಿದ್ದೆ ಬರದೇ ಇರುವುದು, ಟೀಮ್ ಲೀಡ್ ಬೈಗುಳ. ಒಂದು ಪುಟ ಅಪ್ಪ. ಜೇನಿಗೆ ಸಿಕ್ಕಿದ್ದು ಒಂದೇ ಪುಟ, ಅದರಲ್ಲೂ ಅರ್ಧ ಲೆಕ್ಕಾಚಾರ. ಓದುವಾಗ ನನಗೆ ಅನಿಸಿದ್ದು, ನಿಮಗೆ ಬಿಡಬೇಕಾಗಿರುವುದು ಏನು ಅಂತ ಚೆನ್ನಾಗಿ ಗೊತ್ತಿದೆ. ಹಿಡಿಯಬೇಕಾಗಿರುವುದರ ಜೊತೆ ಇನ್ನೂ ಪರಿಚಯ ಸಾಲದು. ರಾತ್ರಿ ಪಾಳಿಯೇ ನಿಜವಾದ ಕಾಟ ಆಗಿದ್ದರೆ ಅದಕ್ಕೆ ಹಗಲು ಪಾಳಿ ಇರುವ ಬೇರೆ ಕೆಲಸವೂ ಮದ್ದಾಗಬಹುದು. ಪಾಪ, ಜೇನು ಯಾಕೆ ಬೇಕು?

ಕ್ಯಾಪ್ಟನ್ ವಿಷಯಕ್ಕೆ ಬರುತ್ತೇನೆ. ನೀವು ಬರೆದಿದ್ದು ಸರಿ. ಗೊರೂರಿನಲ್ಲಿ ಬೆಳೆದವರು, 1971ರ ಯುದ್ಧ ಕಂಡವರು, ಎಂಟು ವರ್ಷ ಸೇನೆಯಲ್ಲಿದ್ದು 28ಕ್ಕೆ ಬಿಟ್ಟರು. ಹೇಮಾವತಿ ಅಣೆಕಟ್ಟಿಗೆ ಮನೆತನದ ಜಮೀನು ಹೋಗಿತ್ತು, ಬದಲಿಗೆ ಜಾವಗಲ್ ಹತ್ತಿರ ಒಣ ಭೂಮಿ ಸಿಕ್ಕಿತ್ತು. ಅಲ್ಲಿಗೆ ಹೋದರು. ಆದರೆ ಅಲ್ಲಿಗೆ ಹೋಗುವಾಗ ಅವರ ತಲೆಯಲ್ಲಿ ವಿಮಾನ ಇರಲಿಲ್ಲ ಮಾರಾಯರೇ. ರೇಷ್ಮೆ ಬೆಳೆದರು. ರಾಸಾಯನಿಕ ಇಲ್ಲದ ರೇಷ್ಮೆ ಕೃಷಿಗೆ ರೋಲೆಕ್ಸ್ ಪ್ರಶಸ್ತಿ ಬಂದಿದ್ದು 1996ರಲ್ಲಿ. ಎನ್‌ಫೀಲ್ಡ್ ಬೈಕ್ ಡೀಲರ್‌ಶಿಪ್ ತಗೊಂಡರು, ಹಾಸನದಲ್ಲಿ ಹೋಟೆಲ್ ಇಟ್ಟರು. ಏರ್ ಡೆಕ್ಕನ್ ಹಾರಿದ್ದು 2003ರಲ್ಲಿ. ಸೇನೆ ಬಿಟ್ಟು ಎರಡು ದಶಕಕ್ಕಿಂತ ಜಾಸ್ತಿ ಆಗಿತ್ತು. ನಾವು ಕತೆ ಹೇಳುವಾಗ ಮೊದಲ ವರ್ಷ, ಕೊನೆಯ ವರ್ಷ ಇಟ್ಟುಕೊಂಡು ನಡುವಿನದ್ದನ್ನು ಒಂದು ಪ್ಯಾರಾದಲ್ಲಿ ಮುಗಿಸಿಬಿಡುತ್ತೇವೆ. ನೀವು ನಿಮ್ಮ 28ನ್ನು ಅವರ 28ರ ಪಕ್ಕ ಇಟ್ಟಿದ್ದೀರಿ. ಅವರ 35ನೇ ವರ್ಷದ ಒಂದು ಮಾಮೂಲಿ ಮಂಗಳವಾರದ ಪಕ್ಕ ಇಟ್ಟು ನೋಡಿ.

ಇದರಲ್ಲಿ ನಮ್ಮಂಥ ಪತ್ರಿಕೆಗಳ ಪಾಪವೂ ಇದೆ. "ಲಕ್ಷ ಸಂಬಳ ಬಿಟ್ಟು ಮಣ್ಣಿಗೆ ಬಂದ ಟೆಕ್ಕಿ" ಅಂತ ನಾವೂ ಮುಖಪುಟ ಮಾಡಿದ್ದೇವೆ. ಹುಡುಗ ಹಸಿರು ಗಿಡದ ಮುಂದೆ ಕೈಕಟ್ಟಿ ನಿಂತ ಫೋಟೋ. ಮೂರು ವರ್ಷ ಬಿಟ್ಟು ಆ ತೋಟ ಹೇಗಿದೆ ಅಂತ ನೋಡಲು ನಾವು ಯಾರನ್ನೂ ಕಳಿಸಿಲ್ಲ.

ಈಗ ನಿಮ್ಮ ಲೆಕ್ಕ. 50 ಪೆಟ್ಟಿಗೆ, ತಲಾ 10 ಕಿಲೋ, ಕಿಲೋಗೆ 600 ರೂಪಾಯಿ, ವರ್ಷಕ್ಕೆ 3 ಲಕ್ಷ. ಗುಣಾಕಾರ ಸರಿಯಾಗಿದೆ. ಆದರೆ ನಿಮ್ಮಲ್ಲಿರುವುದು ತುಡುವೆ ಜೇನು, ನಮ್ಮ ನಾಡಿನದೇ ಜಾತಿ. ತುಂಬಾ ದೂರ ಹಾರುವ ಜಾತಿ ಅಲ್ಲ. 50 ಪೆಟ್ಟಿಗೆಯನ್ನೂ ಒಂದೇ ತೋಟದಲ್ಲಿ ಇಟ್ಟರೆ ಹೂವು ಸಾಲುವುದಿಲ್ಲ, ಊರೂರಿನ ತೋಟಗಳಲ್ಲಿ ಹಂಚಿ ಇಡಬೇಕು. ಇಟ್ಟಮೇಲೆ ಓಡಾಡಿ ನೋಡಬೇಕು. ಪೆಟ್ರೋಲಿನ ಖರ್ಚು ನಿಮ್ಮ ಲೆಕ್ಕದಲ್ಲಿಲ್ಲ. ಪೆಟ್ಟಿಗೆ ಮನಸ್ಸಿಗೆ ಬಾರದಿದ್ದರೆ ಇಡೀ ಜೇನು ಕುಟುಂಬ ಎದ್ದು ಹೋಗುತ್ತದೆ, ಅದಕ್ಕೂ ಲೆಕ್ಕದಲ್ಲಿ ಜಾಗ ಇಲ್ಲ. ನಿಮ್ಮ ಕಂಪನಿ ಬಿಟ್ಟು ಹೋಗುವವರಾದರೂ ನೋಟಿಸ್ ಪಿರಿಯಡ್ ಕೊಡುತ್ತಾರೆ.

ನನ್ನ ಸೋದರಮಾವನ ಮನೆಯಲ್ಲಿ 20 ಪೆಟ್ಟಿಗೆ ಇದ್ದವು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂತು. ಮರಿಹುಳಗಳು ನೀರು ತುಂಬಿದ ಸಣ್ಣ ಚೀಲದ ಹಾಗೆ ಆಗಿ ಗೂಡಿನ ಮೇಣದ ಎರಿಯಲ್ಲೇ ಸಾಯುತ್ತಿದ್ದವು. ಕೊಡಗು, ಕರಾವಳಿ, ಮಲೆನಾಡು ಎಲ್ಲ ಕಡೆ ತುಡುವೆ ಕುಟುಂಬಗಳು ನೆಲಕಚ್ಚಿದವು. ಮಾವನ ಪೆಟ್ಟಿಗೆಗಳು ಅಟ್ಟ ಸೇರಿದವು. ಒಂದರಲ್ಲಿ ಅತ್ತೆ ಬಾಳೆಕಾಯಿ ಹಣ್ಣಿಗೆ ಹಾಕುತ್ತಿದ್ದಳು, ಇನ್ನೊಂದರಲ್ಲಿ ಬೆಕ್ಕು ಮರಿ ಹಾಕಿತ್ತು. ಎಷ್ಟೋ ವರ್ಷ ಕಳೆದ ಮೇಲೆ ಮಾವ ಮರದ ಪೊಟರೆಯಿಂದ ಒಂದು ಕುಟುಂಬ ಹಿಡಿದು ತಂದು ಮತ್ತೆ ಶುರು ಮಾಡಿದರು. ಅಷ್ಟು ವರ್ಷ ಅವರ ಮನೆ ನಡೆದದ್ದು ಅಡಿಕೆಯಿಂದ. ನಿಮಗೆ ಹೆದರಿಕೆ ಹುಟ್ಟಿಸಲು ಹೇಳುತ್ತಿಲ್ಲ. ಜೇನೊಂದನ್ನೇ ನಂಬಿ ಒಲೆ ಹಚ್ಚಿದವರನ್ನು ನಾನು ಜಾಸ್ತಿ ಕಂಡಿಲ್ಲ ಅಷ್ಟೇ.

ನಾನು ಈ ಕುರ್ಚಿಗೆ ಬಂದಿದ್ದು ಹೇಗೆ ಅಂತಲೂ ಕೇಳಿದ್ದೀರಿ. ಒಳಗಿನಿಂದ ಯಾರೂ ಕರೆಯಲಿಲ್ಲ. ಬಿ.ಎಸ್‌ಸಿ. ಮುಗಿಸಿ ಕೆಲಸ ಸಿಗದೆ, ರೂಮಿನ ಬಾಡಿಗೆ ಕಟ್ಟಬೇಕಿತ್ತು ಅಂತ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಎರಡನೇ ತಿಂಗಳಲ್ಲಿ ಒಂದು ಜಾತ್ರೆಯ ಹ್ಯಾಂಡ್‌ಬಿಲ್ ಬಂತು. "ಅನ್ನ ಸಂತರ್ಪಣೆ" ಅಂತ ಇರಬೇಕಾದ ಕಡೆ "ಅಣ್ಣ ಸಂತರ್ಪಣೆ" ಅಂತ ಇತ್ತು. ನಾನು ನೋಡಲಿಲ್ಲ. 2,000 ಪ್ರತಿ ಅಚ್ಚಾಯಿತು. ದೇವಸ್ಥಾನದವರು ಕಟ್ಟು ತಂದು ಮೇಜಿನ ಮೇಲೆ ಎಸೆದು, "ಯಾವ ಅಣ್ಣನನ್ನು ಬಡಿಸೋಣ ಸ್ವಾಮಿ?" ಎಂದರು. ಮರುಮುದ್ರಣದ ಕಾಗದದ ದುಡ್ಡು ನನ್ನ ಸಂಬಳದಲ್ಲಿ ಮುರಿದುಕೊಂಡರು. ಆ ರಾತ್ರಿ ಬಿಟ್ಟುಬಿಡುತ್ತೇನೆ ಅಂದುಕೊಂಡಿದ್ದೆ. ಮಾರನೆ ದಿನ ಹೋಗಿ ಮತ್ತೆ ಕೂತೆ. ಅವತ್ತಿನಿಂದ ಪ್ರತಿ ಸಾಲಿನ ಕೆಳಗೆ ಸ್ಕೇಲ್ ಇಟ್ಟು, ಒತ್ತು, ಅರ್ಕಾವತ್ತು, ಮಹಾಪ್ರಾಣ ಒಂದೊಂದೇ ನೋಡುತ್ತಾ ಓದಲು ಶುರು ಮಾಡಿದೆ. ಪಕ್ಕದವನಿಗೆ ಅದೇ ಕೆಲಸ ತಲೆನೋವು, ಹತ್ತು ಪುಟಕ್ಕೊಮ್ಮೆ ಟೀ ಕುಡಿಯಲು ಹೋಗುತ್ತಿದ್ದ. ನನಗೆ ಸಂಜೆ ಆಗಿದ್ದೇ ಗೊತ್ತಾಗುತ್ತಿರಲಿಲ್ಲ. ಖುಷಿ ಆಗುತ್ತಿತ್ತು ಅಂತ ಹೇಳಲಾರೆ. ಬೇಸರ ಬರುತ್ತಿರಲಿಲ್ಲ, ಅಷ್ಟು ಸಾಕಾಯಿತು. ಉಳಿದದ್ದೆಲ್ಲ ಅದರ ಹಿಂದೆ ನಿಧಾನಕ್ಕೆ ಬಂತು.

ಆ ಅಭ್ಯಾಸ ಈಗಲೂ ಹೋಗಿಲ್ಲ. ನಿಮ್ಮ ಪತ್ರವನ್ನೂ ಸ್ಕೇಲ್ ಇಟ್ಟುಕೊಂಡೇ ಓದಿದೆ. ಆರನೇ ಪುಟದಲ್ಲಿ, ಲೆಕ್ಕದ ಕೆಳಗೆ, ನೀವು ಸುಮ್ನೆ ಬರೆದು ಮುಂದೆ ಹೋದ ಒಂದು ಸಾಲಿದೆ: "ಮಳೆಗಾಲದಲ್ಲಿ ಆಯಿ (ಅಮ್ಮ) ಸಕ್ಕರೆ ಪಾಕ ಇಟ್ಟು ನೋಡಿಕೊಳ್ಳುತ್ತಾಳೆ, ಅದೇನು ದೊಡ್ಡ ಕೆಲಸ ಅಲ್ಲ."

ನಾನು ಅಲ್ಲೇ ನಿಂತೆ.

ನಿಮ್ಮ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಬಿಡುವುದು ಯಾವಾಗ ಅಂತ ನನಗಿಂತ ನಿಮಗೇ ಗೊತ್ತು. ಆ ತಿಂಗಳುಗಳಲ್ಲಿ ಹೂವಿಲ್ಲ, ಇದ್ದರೂ ಹುಳ ಹೊರಗೆ ಹೋಗುವಂತಿಲ್ಲ. ಸಂಜೆ ಹೊತ್ತು ತೆಂಗಿನ ಗರಟೆಯಲ್ಲಿ ಪಾಕ ಹಾಕಿ, ಹುಳ ಮುಳುಗದ ಹಾಗೆ ಮೇಲೆ ನಾಲ್ಕು ಹುಲ್ಲುಕಡ್ಡಿ ಇಟ್ಟು ಪೆಟ್ಟಿಗೆ ಒಳಗೆ ಇಡಬೇಕು. ಒಂದು ಹನಿ ಹೊರಗೆ ಚೆಲ್ಲಿದರೆ ಇರುವೆ ಬರುತ್ತದೆ, ಪಕ್ಕದ ಪೆಟ್ಟಿಗೆಯ ಹುಳ ದರೋಡೆಗೆ ಬರುತ್ತದೆ. ಸ್ಟ್ಯಾಂಡಿನ ಕಾಲಿಗಿಟ್ಟ ನೀರಿನ ಬಟ್ಟಲಲ್ಲಿ ಎಲೆ ಬಿದ್ದು ಸೇತುವೆ ಆಗಿದೆಯೋ ನೋಡಬೇಕು. ಅಡಿಹಲಗೆ ಒರೆಸಬೇಕು, ಇಲ್ಲದಿದ್ದರೆ ಮೇಣದ ಹುಳ ಎರಿಗೆ ಬಲೆ ಕಟ್ಟುತ್ತದೆ. ಬಾಗಿಲಲ್ಲಿ ಕಡಜ ಕಾಯುತ್ತಿದ್ದರೆ ಓಡಿಸಬೇಕು. ಮರಿ ಬೆಳೆಯುವ ಸಂಸಾರ ಕೋಣೆಯ ಚೌಕಟ್ಟು ಎತ್ತಿ, ರಾಣಿ ಮೊಟ್ಟೆ ಇಡುತ್ತಿದ್ದಾಳಾ, ಕುಟುಂಬ ಸೊರಗಿದೆಯಾ ನೋಡಿ, ಮಳೆ ಹನಿ ಒಳಗೆ ಬೀಳುವ ಮುಂಚೆ ಮುಚ್ಚಬೇಕು. ಇಷ್ಟಕ್ಕೂ ಒಂದು ಚಮಚ ಜೇನು ಸಿಗುವುದಿಲ್ಲ. ಇದನ್ನು ನಿಮ್ಮ ಆಯಿ ಕೊಟ್ಟಿಗೆ, ಅಡುಗೆ ಮುಗಿಸಿ, ಮಳೆಗೆ ಕೊಪ್ಪೆ ಹಾಕಿಕೊಂಡು ಐದು ವರ್ಷದಿಂದ ಮಾಡುತ್ತಿದ್ದಾರೆ. ನೀವು ಫೆಬ್ರವರಿಯಲ್ಲಿ ಹೋಗಿ ಜೇನು ಕೋಣೆ ಎತ್ತಿದಿರಿ. ಎರಿ ಕೈಗೆ ಭಾರವಾಗಿ ಬಂತು, ಪರಿಮಳ ಹರಡಿತು, ಜೀವನದ ದಾರಿ ಸಿಕ್ಕಿತು ಅನಿಸಿತು. ಅನಿಸದೇ ಇರುತ್ತದೆಯೇ? ನನಗಾದರೂ ಅನಿಸುತ್ತಿತ್ತು.

ಅಂದರೆ ನಿಮ್ಮ ಮನೆಯಲ್ಲಿ ಜೇನು ಕೃಷಿಕರು ಒಬ್ಬರು ಈಗಾಗಲೇ ಇದ್ದಾರೆ. ಏಳು ಪುಟದಲ್ಲಿ ಅವರಿಗೆ ಒಂದು ಸಾಲು ಸಿಕ್ಕಿದೆ. ಅಪ್ಪನ ಒಪ್ಪಿಗೆ ಕೇಳಿದ್ದೀರಿ, ನನ್ನ ಅಭಿಪ್ರಾಯ ಕೇಳಿದ್ದೀರಿ, ಕ್ಯಾಪ್ಟನ್ ವಯಸ್ಸು ಹುಡುಕಿದ್ದೀರಿ. ಆಯಿಯನ್ನು ಒಂದು ಮಾತು ಕೇಳಿದ ಹಾಗೆ ಕಾಣಲಿಲ್ಲ.

ಆದ್ದರಿಂದ ಅಕ್ಟೋಬರ್‌ಗೆ ರಾಜೀನಾಮೆ ಕೊಡಲೇ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಡಿ. ಜುಲೈನಲ್ಲಿ ಎರಡು ವಾರ ರಜೆ ಹಾಕಿ. ಜುಲೈನಲ್ಲೇ, ಹಬ್ಬಕ್ಕಲ್ಲ. ಮನೆಗೆ ಹೋಗಿ ಆ ಮೂರು ಪೆಟ್ಟಿಗೆಯನ್ನು ಆಯಿ ಹೇಳಿದ ಹಾಗೆ ನೀವೇ ನೋಡಿಕೊಳ್ಳಿ. ಅವರು ಪಕ್ಕದಲ್ಲಿ ಕೂತಿರಲಿ. ಅದು ಹೇಗಿದ್ದರೂ ಅಪ್ಪನಿಗೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವ ಕಾಲ. ಮರ ಹತ್ತುವ ಕೊನೆಗೌಡ ಸಿಗದೆ ಪರದಾಡುತ್ತಿರುತ್ತಾರೆ. ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟಲು, ಬೋರ್ಡೋ ದ್ರಾವಣ ಕಲೆಸಲು, ಪೈಪ್ ಎಳೆಯಲು ಒಂದು ಕೈ ಸಿಕ್ಕಿದರೆ ಮಾತು ಬಿಟ್ಟವರೂ ಮಾತಾಡಲೇಬೇಕಾಗುತ್ತದೆ. "ಆ ಡ್ರಮ್ ಇತ್ತ ತಾ" ಅಂತಲಾದರೂ ಹೇಳುತ್ತಾರೆ. ಶುರುವಿಗೆ ಅಷ್ಟು ಸಾಕು. ಎರಡು ವಾರದ ಕೊನೆಗೆ, ಜೇನಿನ ಸುಳಿವೇ ಇಲ್ಲದ ಆ ಕೆಲಸ ನಿಮಗೆ ತಲೆನೋವಾಯಿತೋ, ಸಂಜೆಯಾಗಿದ್ದು ಗೊತ್ತಾಗಲಿಲ್ಲವೋ ನೋಡಿ. ಅದನ್ನು ನನಗೆ ಬರೆಯುವ ಅಗತ್ಯವೂ ಇರುವುದಿಲ್ಲ, ನಿಮಗೇ ತಿಳಿಯುತ್ತದೆ.

ಅಲ್ಲಿವರೆಗೆ ಬೆಂಗಳೂರಲ್ಲೇ ಮಾಡಬಹುದಾದದ್ದೂ ಇದೆ. ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾಲಯದಲ್ಲಿ, ಅಂದರೆ ಜಿಕೆವಿಕೆಯಲ್ಲಿ, ಜೇನು ಕೃಷಿ ವಿಭಾಗವೇ ಇದೆ. ರಜೆ ದಿನ ಹೋಗಿ ತರಬೇತಿ ಯಾವಾಗ ಅಂತ ವಿಚಾರಿಸಿ. ಊರಲ್ಲಿ ಶಿರಸಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ಪೆಟ್ಟಿಗೆಗೆ ಸಹಾಯಧನ ಬೇಕಿದ್ದರೆ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ. ಮೂರನ್ನು ಮುಂದಿನ ವರ್ಷ ಆರು ಮಾಡಿ, 50 ಮಾಡಬೇಡಿ. ಸಂಬಳದಲ್ಲಿ ತಿಂಗಳಿಗೆ ಎಷ್ಟು ಉಳಿಯುತ್ತದೆ ಅಂತ ನೀವು ಬರೆದಿಲ್ಲ. ಉಳಿಯದಿದ್ದರೆ ಮೊದಲು ಅದನ್ನು ಸರಿ ಮಾಡಿಕೊಳ್ಳಿ. ಒಂದು ವರ್ಷದ ಮನೆಖರ್ಚು ಕೈಯಲ್ಲಿಲ್ಲದೆ ಕೆಲಸ ಬಿಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಹಾಗೆ ಬಿಟ್ಟವರು ಆರು ತಿಂಗಳಿಗೆ ಇನ್ನೂ ಕೆಟ್ಟ ಕೆಲಸಕ್ಕೆ ಸೇರಿದ್ದನ್ನು ನೋಡಿದ್ದೇನೆ.

ಇನ್ನು ಅಪ್ಪನ ಮಾತು. "ಊರಿಗೆ ಬಂದರೆ ಹೆಣ್ಣು ಕೊಡುವವರು ಯಾರು?" ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅವರು ಸುಳ್ಳು ಹೇಳುತ್ತಿಲ್ಲ. ನಿಮ್ಮ ಸೀಮೆಯಲ್ಲಿ 40 ದಾಟಿಯೂ ಮದುವೆಯಾಗದ ತೋಟದ ಗಂಡುಗಳು ಊರಿಗೆ ನಾಲ್ಕು ಮಂದಿ ಇದ್ದಾರೆ. ಮಗ ತೋಟಕ್ಕೆ ಬರಲಿ ಎನ್ನುವ ಯಜಮಾನರೇ ಮಗಳಿಗೆ ಬೆಂಗಳೂರಿನ ಗಂಡು ಹುಡುಕುತ್ತಾರೆ. ಹುಡುಗಿಯರನ್ನು ಬೈಯುವಂತಿಲ್ಲ. ಅವರು ತಮ್ಮ ಆಯಿಯಂದಿರನ್ನು ನೋಡಿ ಬೆಳೆದಿದ್ದಾರೆ. ಬೆಳಗ್ಗೆ ಐದಕ್ಕೆ ಕೊಟ್ಟಿಗೆ, ರಾತ್ರಿ ಹತ್ತಕ್ಕೆ ಪಾತ್ರೆ, ನಡುವೆ ಪೆಟ್ಟಿಗೆಗೆ ಸಕ್ಕರೆ ಪಾಕ, ಆಮೇಲೆ ಮಗನಿಂದ "ಅದೇನು ದೊಡ್ಡ ಕೆಲಸ ಅಲ್ಲ" ಎಂಬ ಸರ್ಟಿಫಿಕೇಟ್. ಕೋಪ ಮಾಡಿಕೊಳ್ಳಬೇಡಿ. ನಾನೂ ನನ್ನ ಅಮ್ಮನ ವಿಷಯದಲ್ಲಿ ಇದೇ ಥರ ಬರೆಯುತ್ತಿದ್ದೆನೇನೋ, ಆ ವಯಸ್ಸಿನಲ್ಲಿ.

ನೀವು ಪತ್ರದ ಜೊತೆ ಕಳಿಸಿದ ಬಾಟಲಿ ತಲುಪಿತು. ಕಚೇರಿಯಲ್ಲಿ ಎಲ್ಲರೂ ಹಂಚಿಕೊಂಡೆವು, ಬಾಟಲಿಯ ತಳ ಕಂಡಿದೆ. ಲೇಬಲ್ ಚೆನ್ನಾಗಿ ಮಾಡಿಸಿದ್ದೀರಿ. ಆದರೆ "ಶುದ್ದ ಜೇನುತುಪ್ಪ" ಅಂತ ಅಚ್ಚಾಗಿದೆ. ದ-ಕ್ಕೆ ದ ಒತ್ತಲ್ಲ, ಧ ಒತ್ತು ಬೇಕು: ಶುದ್ಧ. ಮಾರುವುದಾದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆಯೂ ಅದರ ಮೇಲೆ ಬರಬೇಕಾಗುತ್ತದೆ. ಎರಡನೇ ಸಲ ಪ್ರಿಂಟಿಗೆ ಕೊಡುವ ಮುಂಚೆ ನನಗೊಮ್ಮೆ ಕಳಿಸಿ, ನೋಡಿ ಕೊಡುತ್ತೇನೆ.

– ಸಂ.