ಓದುಗರ ಪ್ರಶ್ನೆ: ಬರೆದ ಚಿತ್ರ ರಾತ್ರಿ ಎಲ್ಲಿರತ್ತೆ?

ಹೋದ ಸಂಚಿಕೇಲಿ ಒಬ್ಬರು ಓದುಗರಿಗೆ ಉತ್ತರ ಕೊಡ್ತಾ, ಮನೆ ಇಲ್ಲದೆ ಬೀದೀಲಿ ಬದುಕಿರೋ ಕಲಾವಿದರು ಬಂದು ಕೂತು ಚಿತ್ರ ಬರೆಯೋಕೆ ಅಂತಾನೇ ಕೆಲವು ಊರುಗಳಲ್ಲಿ ಸ್ಟುಡಿಯೋಗಳಿವೆ, ಬೆಂಗಳೂರಲ್ಲಿ ಬಡಾವಣೆಗೊಂದು ಅಂಥದ್ದು ಆಗಬೇಕು ಅಂತ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನ ನೋಡಿ ಈ ಸಲ ಇಡೀ ಅಂಕಣ ಅದಕ್ಕೇ ಇಟ್ಟಿದೀನಿ. ಸುಮಾರು ಜನ ಹೆಸರು ಹಾಕ್ಬೇಡಿ ಅಂದಿದ್ರಿಂದ ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಾನು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ನಮ್ಮ ಮನೆ ಕೆಳಗಿನ ಅಂಗಡಿ ಮಳಿಗೆ ಖಾಲಿ ಇತ್ತು. ಹತ್ತಿರದಲ್ಲೇ ಪಾಲಿಕೆಯ ಆಶ್ರಯಕೇಂದ್ರ ಇದೆ, ಅಲ್ಲಿರೋರಿಗೆ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಉಚಿತ ಕ್ಲಾಸ್ ಶುರು ಮಾಡಿದೆ. ಮೊದಲು ಚೆನ್ನಾಗಿ ಬಂದರು, ಆಮೇಲೆ ಒಬ್ಬೊಬ್ಬರೇ ನಿಂತರು. ಪೇಪರ್, ಬಣ್ಣ ಎಲ್ಲ ನಾನೇ ಕೊಡ್ತಿದ್ದೆ. ಅವರಿಗೆ ಆಸಕ್ತಿ ಇಲ್ವಾ? (ರಾಜಾಜಿನಗರ)

ಉತ್ತರ: ಮೇಷ್ಟ್ರೇ, ಬಾಡಿಗೆ ಬರೋ ಮಳಿಗೇನ ಇದಕ್ಕೆ ಬಿಟ್ಟುಕೊಟ್ರಲ್ಲ, ಮೊದಲು ಅದಕ್ಕೊಂದು ನಮಸ್ಕಾರ. ಆಸಕ್ತಿ ಇಲ್ಲ ಅನ್ನೋ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ. ಆಶ್ರಯಕೇಂದ್ರದಲ್ಲಿ ಇರೋರಲ್ಲಿ ತುಂಬ ಜನ ದುಡಿಯೋರು, ಅದರಲ್ಲೂ ಕೇಟರಿಂಗ್ ಕೆಲಸಕ್ಕೆ ಹೋಗೋರು, ಭಾನುವಾರ ಬೆಳಿಗ್ಗೆ ಅಂದ್ರೆ ಕಲ್ಯಾಣಮಂಟಪಗಳಲ್ಲಿ ಬಡಿಸೋಕೆ ಪಾತ್ರೆ ತೊಳೆಯೋಕೆ ಕೂಲಿ ಸಿಗೋ ಹೊತ್ತು, ಆ ದಿನದ ದುಡ್ಡು ಬಿಟ್ಟು ಯಾರು ಬರೋಕಾಗತ್ತೆ ಹೇಳಿ. ಮುಹೂರ್ತ ಇಲ್ಲದ ವಾರದ ದಿನಗಳಲ್ಲಿ, ಸಂಜೆ ಮೇಲೆ ಬಾಗಿಲು ತೆಗೆದು ನೋಡಿ.

ಆದ್ರೆ ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಹನ್ನೆರಡು ಗಂಟೆಗೆ ಕ್ಲಾಸ್ ಮುಗಿದಾಗ ಬರೆದಿದ್ದನ್ನ ಏನು ಮಾಡ್ತೀರಿ? ‘ನಿಮ್ಮದೇ, ತಗೊಂಡು ಹೋಗಿ’ ಅಂತ ಕೈಗೆ ಕೊಡ್ತೀರಿ ಅಲ್ವಾ? ಎಲ್ಲಿಗೆ ತಗೊಂಡು ಹೋಗ್ತಾರೆ ಮೇಷ್ಟ್ರೇ?

ಸಾಗರದ ಕಡೆಯ ಒಬ್ಬ ಅಮ್ಮನ್ನ ಇಲ್ಲೇ ಒಂದು ಆಶ್ರಯಕೇಂದ್ರದಲ್ಲಿ ನೋಡಿದೆ. ಆ ಕಡೆಯ ದೀವರು ಅನ್ನೋ ಸಮುದಾಯದೋರ ಮನೆ ಗೋಡೆ ಮೇಲೆ ಬರೀತಾರಲ್ಲ ಚಿತ್ತಾರ, ಅದು ಅವರ ಕೈಗೆ ಬಂದಿರೋದು. ಊರಲ್ಲಾದ್ರೆ ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ನೆನೆಸಿ ಅರೆದ ಬಿಳಿ, ಸುಟ್ಟಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಇಲ್ಲಿ ಗೋಡೆ ಎಲ್ಲಿ ಬರಬೇಕು, ಯಾರೋ ಕಿತ್ತು ಬಿಸಾಕಿದ್ದ ಫ್ಲೆಕ್ಸ್ ಬ್ಯಾನರಿನ ಹಿಂಬದಿಗೆ ಕೆಂಪು ಬಳಿದು, ಗೋಣಿಚೀಲದ ನಾರು ಬಿಡಿಸಿ ಕುಂಚ ಕಟ್ಟಿಕೊಂಡು ಬರೆದಿದ್ರು, ಗೆರೆ ಅಂದ್ರೆ ಒಂದು ಕಡೆನೂ ಕೈ ನಡುಗಿಲ್ಲ, ಒಂದರ ಪಕ್ಕ ಒಂದು ನೂಲು ಹಿಡಿದ ಹಾಗೆ. ರಾತ್ರಿ ಅದನ್ನ ಸುತ್ತಿ ತಲೆ ಕೆಳಗೆ ಇಟ್ಕೊಂಡು ಮಲಗ್ತಿದ್ರು. ಬೆಳಿಗ್ಗೆ ಬಿಚ್ಚಿದ್ರೆ ಫ್ಲೆಕ್ಸ್ ಮೇಲಿನ ಅಕ್ಕಿಹಿಟ್ಟು ಸಿಪ್ಪೆ ಸಿಪ್ಪೆಯಾಗಿ ಉದುರಿರೋದು, ಅವರು ಮತ್ತೆ ಕೂತು ಅದೇ ಗೆರೆ ಮೇಲೆ ತಿದ್ದೋರು. ಆಮೇಲೆ ಯಾರೋ ಪ್ಲೈವುಡ್ ಹಲಗೆ ತಂದುಕೊಟ್ಟು, ಬಣ್ಣಕ್ಕೆ ಸ್ವಲ್ಪ ಅಂಟು ಸೇರಿಸಿ ಅಂತ ಹೇಳಿ, ಆಫೀಸ್ ರೂಮಿನ ಬೀರು ಹಿಂದೆ ಆ ಹಲಗೆ ನಿಲ್ಲಿಸೋಕೆ ಜಾಗ ಮಾಡಿಕೊಟ್ಟ ಮೇಲೇನೇ ಅವರು ಎರಡನೇ ಚಿತ್ರ ಶುರು ಮಾಡಿದ್ದು.

ಮನೆ ಇರೋ ನಮಗೆ ಇದು ಹೊಳೆಯಲ್ಲ, ಅರ್ಧ ಬರೆದದ್ದನ್ನ ಮಂಚದ ಕೆಳಗೆ ತಳ್ಳಿ ನಾಳೆ ನೋಡೋಣ ಅಂತ ಮಲಗ್ತೀವಿ. ಅವರಿಗೆ ಆ ನಾಳೆನೇ ಇಲ್ಲ: ಮಳೆ ಬರತ್ತೆ, ಬೆಳಗಿನ ಜಾವ ಕಸದ ಆಟೋ ಬಂದು ಗಂಟು ಸಮೇತ ಎತ್ಕೊಂಡು ಹೋಗತ್ತೆ, ಮಡಚಿ ಜೇಬಲ್ಲಿಟ್ರೆ ಪೋಸ್ಟರ್ ಕಲರ್ ಮಡಿಕೆ ಗುಂಟ ಬಿರುಕು ಬಿಡತ್ತೆ. ಹಾಗಾಗಿ ಒಂದೇ ಸಲಕ್ಕೆ ಮುಗಿಯೋ ಚಿತ್ರ ಮಾತ್ರ ಬರೆಯೋಕಾಗೋದು, ನೋಡಿದೋರು ‘ಇವರದ್ದು ಮಕ್ಕಳ ಚಿತ್ರದ ಥರ’ ಅಂತಾರೆ.

ಅದಕ್ಕೇ ನಾನು ಹೇಳೋದು, ಕ್ಲಾಸ್ ಬಿಡಿ, ರ‍್ಯಾಕ್ ಮಾಡಿಸಿ. ನೆಲದಿಂದ ಒಂದಡಿ ಎತ್ತರಕ್ಕೆ ಪ್ಲೈವುಡ್ ಖಾನೆಗಳು, ಒಂದೊಂದಕ್ಕೂ ಒಂದು ಹೆಸರು, ಅವರು ಯಾವ ಹೆಸರು ಹೇಳ್ತಾರೋ ಅದೇ, ಆಧಾರ್ ಕೇಳ್ಬೇಡಿ. ಎರಡು ವಾರ ಬರದಿದ್ರೂ ಖಾನೆ ಬೇರೆಯವರಿಗೆ ಕೊಡ್ಬೇಡಿ, ಊರಿಗೆ ಹೋಗಿರ್ತಾರೆ, ಆಸ್ಪತ್ರೇಲಿರ್ತಾರೆ, ಬಂದಾಗ ಚಿತ್ರ ಇದ್ದಲ್ಲೇ ಇರಬೇಕು. ಪಾಠ ಕೇಳಿದೋರಿಗೆ ಹೇಳಿಕೊಡಿ, ಕೇಳದೋರನ್ನ ಅವರ ಪಾಡಿಗೆ ಬಿಡಿ. ಸ್ಯಾನ್ ಫ್ರಾನ್ಸಿಸ್ಕೋದ ಟೆಂಡರ್‌ಲಾಯ್ನ್ ಅನ್ನೋ ಬಡವರ ಬಡಾವಣೇಲಿ 1967ರಲ್ಲಿ ಶುರುವಾದ ಹಾಸ್ಪಿಟಾಲಿಟಿ ಹೌಸ್ ಅನ್ನೋ ಸಂಸ್ಥೆ ಹೀಗೇ ಒಂದು ಉಚಿತ ಸ್ಟುಡಿಯೋ ನಡೆಸ್ತಾ ಬಂದಿದೆ, ಬಂದು ಕೂತು ಅಲ್ಲಿನ ಬಣ್ಣ ತಗೊಂಡು ತಮ್ಮ ಕೆಲಸ ತಾವು ಮಾಡೋದು, ಪ್ರದರ್ಶನಕ್ಕೂ ಇಡೋದು.

ಸಾಮಾನಿನ ವಿಷಯ: ಚಿಕ್ಕ ಮಳಿಗೇಲಿ ಆಯಿಲ್ ಪೇಂಟ್, ಟರ್ಪೆಂಟೈನ್ ಬೇಡ, ವಾಸನೆಗೆ ತಲೆ ಸುತ್ತತ್ತೆ, ಒಣಗೋಕೂ ದಿನಗಟ್ಟಲೆ ಬೇಕು. ಅಕ್ರಿಲಿಕ್, ಆಯಿಲ್ ಪೇಸ್ಟಲ್, ಇದ್ದಿಲು ಸಾಕು. ಚಿತ್ರ ಬರೆಯೋ ದಪ್ಪ ಹಾಳೆ, ಅದೇ ಕಾರ್ಟ್ರಿಜ್ ಶೀಟು, ಅವೆನ್ಯೂ ರೋಡಲ್ಲಿ ಹೋಲ್‌ಸೇಲಾಗಿ ತನ್ನಿ. ಜೊತೆಗೆ ಒಂದು ಫ್ಲಾಸ್ಕ್ ಟೀ ಇಡಿ, ಅದು ಸಣ್ಣ ವಿಷಯ ಅಲ್ಲ.

ಪ್ರಶ್ನೆ: ತಲೆ ಮೇಲೆ ಸೂರಿಲ್ಲದೋರಿಗೆ, ಊಟಕ್ಕಿಲ್ಲದೋರಿಗೆ ಪೇಂಟಿಂಗ್ ಯಾಕೆ ಮೇಡಂ? ಆ ದುಡ್ಡಲ್ಲಿ ಊಟ ಕೊಡಬಹುದಲ್ವಾ? (ಡಿಗ್ರಿ ವಿದ್ಯಾರ್ಥಿ, ಕೆಂಗೇರಿ)

ಉತ್ತರ: ಕೇಳಲೇಬೇಕಾದ ಪ್ರಶ್ನೆ ಇದು. ಸೂರು ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಸೂರಿನ ದುಡ್ಡನ್ನ ಬಣ್ಣದ ಡಬ್ಬಿಯಿಂದ ಕಿತ್ಕೋಬೇಕಾಗಿಲ್ಲ. ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ಆಶ್ರಯಕೇಂದ್ರ ಇರಬೇಕು, ವರ್ಷವಿಡೀ ಹಗಲೂ ರಾತ್ರಿ ತೆರೆದಿರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, ನಮ್ಮ ಊರಿನ ಜನಸಂಖ್ಯೆ ಕೋಟಿ ದಾಟಿದೆ, ಅಂದ್ರೆ ನೂರಕ್ಕೂ ಮೇಲೆ ಬೇಕು, ಲೆಕ್ಕ ನೀವೇ ಹಾಕಿ. ಆಸ್ತಿ ತೆರಿಗೆ ಕಟ್ಟೋ ಪ್ರತಿಯೊಬ್ಬರೂ ಅದರ ಜೊತೆ 3% ಭಿಕ್ಷುಕರ ಸೆಸ್ ಕೂಡ ಕಟ್ತಾರೆ, 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಪ್ರಕಾರ. ಅದೇ ಕಾಯ್ದೆಯಡಿ ನಡೆಯೋ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟಲ್ಲಿ ಸಾಲುಸಾಲಾಗಿ ಜನ ಸತ್ತರು, ನೀವಾಗ ಚಿಕ್ಕವರು, ನಮ್ಮ ವಯಸ್ಸಿನೋರಿಗೆ ಅದು ಮರೆಯೋಕಾಗಲ್ಲ. ಅಲ್ಲಿದ್ದೋರಿಗೆ ಊಟ ಕೊಡ್ತಿದ್ರು, ಸೂರೂ ಇತ್ತು. ಅವರು ಯಾರು, ಯಾವ ಊರೋರು, ಏನು ಕೆಲಸ ಬಲ್ಲೋರು ಅಂತ ಕೇಳೋರು ಇರಲಿಲ್ಲ. ಊಟ ಹಾಕೋ ಕೈ ತಟ್ಟೆ ಎಣಿಸತ್ತೆ, ಚಿತ್ರ ಕೇಳೋರು ಹೆಸರು ಕೇಳಲೇಬೇಕಾಗತ್ತೆ. ನನಗೆ ಈ ಸ್ಟುಡಿಯೋಗಳ ಮೇಲೆ ಇಷ್ಟು ಹಟ ಇರೋದು ಅದಕ್ಕೇನೇ.

ಪ್ರಶ್ನೆ: ನಾನು ಮೊದಲು ಮೆಜೆಸ್ಟಿಕ್ ಹತ್ರ ಫುಟ್‌ಪಾತಲ್ಲಿದ್ದೆ, ಈಗ ಲಗ್ಗೆರೇಲಿ ರೂಮ್ ಮಾಡಿದೀನಿ. ಆಗ ಒಬ್ಬರು ನನ್ನ ಚಿತ್ರಗಳನ್ನ ಇನ್ನೂರು ಮುನ್ನೂರು ಕೊಟ್ಟು ತಗೊಂಡಿದ್ರು. ಈಗ ಅದೇ ಚಿತ್ರ ಟೀ ಶರ್ಟ್, ಮಗ್ ಮೇಲೆ ಮಾರ್ತಿದಾರೆ. ಕೇಳಿದ್ರೆ ‘ದುಡ್ಡು ಕೊಟ್ಟು ತಗೊಂಡಿದೀನಿ, ನನ್ನದು’ ಅಂತಾರೆ. ನಾನು ಯಾವ ಪೇಪರ್‌ಗೂ ಸೈನ್ ಮಾಡಿಲ್ಲ. ಏನಾದ್ರೂ ಮಾಡಬಹುದಾ ಅಕ್ಕ?

ಉತ್ತರ: ಮಾಡಬಹುದು ತಮ್ಮಾ. ಅವರು ಕೊಂಡಿರೋದು ಆ ಹಾಳೇನ. ಗೋಡೆಗೆ ಹಾಕ್ಕೊಳ್ಳಲಿ, ಬೇರೆಯವರಿಗೆ ಮಾರಲಿ, ಅದು ಅವರಿಷ್ಟ. ಕಾಪಿ ಮಾಡಿ ಮಾರೋ ಹಕ್ಕು, ಅದೇ ಕಾಪಿರೈಟು, ನಿಮ್ಮ ಹತ್ರಾನೇ ಇದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಚಿತ್ರ ಬರೆದೋರೇ ಅದರ ಮೊದಲ ಹಕ್ಕುದಾರರು, ರಿಜಿಸ್ಟರ್ ಮಾಡಿಸಲೇಬೇಕು ಅಂತೇನಿಲ್ಲ, ಬರೆದ ಕ್ಷಣದಿಂದ ನಿಮ್ಮದು, ನೀವಿರೋವರೆಗೂ, ಆಮೇಲೆ 60 ವರ್ಷನೂ. ಸಂಬಳಕ್ಕಿದ್ದು ಬರೆದಿದ್ರೆ, ಇಲ್ಲ ಯಾರಾದ್ರೂ ದುಡ್ಡು ಕೊಟ್ಟು ತಮ್ಮ ಭಾವಚಿತ್ರ ಬರೆಸಿದ್ರೆ ಮಾತು ಬೇರೆ, ನಿಮ್ಮದು ಹಾಗಲ್ಲ ಅಂತ ಪತ್ರ ನೋಡಿದ್ರೆ ಗೊತ್ತಾಗತ್ತೆ. ಆ ಹಕ್ಕನ್ನ ಬೇರೆಯವರಿಗೆ ಬಿಟ್ಟುಕೊಡಬೇಕು ಅಂದ್ರೆ ಬರವಣಿಗೇಲಿ, ನಿಮ್ಮ ಸಹಿ ಸಮೇತ ಆಗಬೇಕು, ಯಾವ ಚಿತ್ರ, ಎಷ್ಟು ವರ್ಷ, ಎಲ್ಲೆಲ್ಲಿ, ಎಷ್ಟು ದುಡ್ಡು ಅಂತ ಅದರಲ್ಲಿರಬೇಕು. ವರ್ಷ ಬರೆಯದಿದ್ರೆ ಐದೇ ವರ್ಷ ಅಂತ ಲೆಕ್ಕ. ಬಾಯಿಮಾತು ನಡೆಯಲ್ಲ. ಇನ್ನೂ ಒಂದಿದೆ, ಹಕ್ಕು ಮಾರಿಕೊಂಡಿದ್ರೂ ‘ಇದು ನಾನು ಬರೆದದ್ದು’ ಅಂತ ಹೇಳೋ ಹಕ್ಕು, ಹೆಸರು ಕೆಡೋ ಹಾಗೆ ಚಿತ್ರಾನ ತಿರುಚಿದ್ರೆ ತಡೆಯೋ ಹಕ್ಕು 57ನೇ ಸೆಕ್ಷನಲ್ಲಿ ನಿಮಗೇ ಉಳಿಯತ್ತೆ.

ಈಗ ಮಾಡಬೇಕಾದ್ದು, ಆ ಟೀ ಶರ್ಟ್, ಮಗ್ಗಿನ ಫೋಟೋ, ಮಾರೋ ಪೇಜಿನ ಸ್ಕ್ರೀನ್‌ಶಾಟ್ ತಾರೀಕು ಕಾಣೋ ಹಾಗೆ ತೆಗೆದಿಡಿ, ಆ ಚಿತ್ರದ ಹಳೇ ಫೋಟೋ, ರಫ್ ಸ್ಕೆಚ್, ನೀವು ಬರೀತಿದ್ದದ್ದು ನೋಡಿದೋರು ಯಾರು ಅಂತ ನೆನಪು ಮಾಡ್ಕೊಳ್ಳಿ. ನಿಮ್ಮ ಹತ್ರ ಅವು ಉಳಿದಿರಲಿಕ್ಕಿಲ್ಲ, ಇಡೋಕೆ ಜಾಗ ಇದ್ದಿದ್ರೆ ತಾನೆ. ಸ್ಟುಡಿಯೋ ನಡೆಸೋರು ಪ್ರತಿ ಚಿತ್ರಕ್ಕೂ ತಾರೀಕು ಹಾಕಿ ಮೊಬೈಲಲ್ಲಿ ಫೋಟೋ ಹಿಡಿದಿಟ್ರೆ ಇಂಥ ಹೊತ್ತಲ್ಲಿ ಅದೇ ಸಾಕ್ಷಿ. ಲಾಯರ್‌ಗೆ ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ, ಕಡಿಮೆ ಆದಾಯದೋರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗ್ತಾರೆ, 15100ಕ್ಕೆ ಫೋನ್ ಮಾಡಿ. ಮೊದಲು ಒಂದು ಲಾಯರ್ ನೋಟಿಸ್ ಹೋಗಲಿ, ಎಷ್ಟೋ ಸಲ ಅಲ್ಲಿಗೇ ದಾರಿಗೆ ಬರ್ತಾರೆ.

ಪ್ರಶ್ನೆ: ಒಂದು ಪ್ರದರ್ಶನದಲ್ಲಿ ಬೀದಿಯಿಂದ ಬಂದ ಕಲಾವಿದರ ಚಿತ್ರ ಮಾರಾಟಕ್ಕಿತ್ತು. ಪ್ರತಿ ಚಿತ್ರದ ಪಕ್ಕ ಅವರ ಫೋಟೋ, ಕುಡಿತ, ಮನೆ ಬಿಟ್ಟ ಕಥೆ ಎಲ್ಲ ಬರೆದಿದ್ರು. ಓದಿ ಕಣ್ಣಲ್ಲಿ ನೀರು ಬಂತು, ಒಂದು ಚಿತ್ರ ತಗೊಂಡೂ ಬಂದೆ, ಆದ್ರೂ ಏನೋ ಕಸಿವಿಸಿ. ನಾನು ಮಾಡಿದ್ದು ಸರೀನಾ? (ಜಯನಗರ)

ಉತ್ತರ: ಕೊಂಡಿದ್ದು ಒಳ್ಳೇದೇ ಮಾಡಿದ್ರಿ. ಕಸಿವಿಸಿ ಆಗಿದ್ದೂ ಸರಿಯೇ. ಜನವರೀಲಿ ಕುಮಾರಕೃಪಾ ರಸ್ತೇಲಿ ಚಿತ್ರಕಲಾ ಪರಿಷತ್ತಿನೋರು ಚಿತ್ರಸಂತೆ ಮಾಡ್ತಾರಲ್ಲ, ಅಲ್ಲಿ ಫುಟ್‌ಪಾತ್ ಮೇಲೆ ಚಿತ್ರ ಜೋಡಿಸಿಕೊಂಡು ಕೂತ ಯಾರ ಹತ್ರಾನೂ ನಾವು ಅವರ ಸಂಸಾರದ ಕಥೆ ಕೇಳಲ್ಲ, ಯಾವ ಬಣ್ಣ, ಎಷ್ಟು ರೇಟು ಅಂತ ಕೇಳ್ತೀವಿ. ಇವರಿಗೂ ಅಷ್ಟೇ ಮಾಡಿ. ಹೇಳ್ಬೇಕು ಅನ್ಸಿದ್ರೆ ಅವರೇ ಹೇಳ್ತಾರೆ.

ಸಂಘಟಕರನ್ನ ಮಾತ್ರ ಬಿಡಬೇಡಿ, ಇದರಲ್ಲಿ ಕಲಾವಿದರ ಕೈಗೆ ಎಷ್ಟು ಹೋಗತ್ತೆ ಅಂತ ಬಾಯಿಬಿಟ್ಟು ಕೇಳಿ. ಬಾಸ್ಟನ್‌ನಲ್ಲಿ 2013ರಲ್ಲಿ ಶುರುವಾದ ಆರ್ಟ್‌ಲಿಫ್ಟಿಂಗ್ ಅನ್ನೋ ಕಂಪನಿ, ಮನೆ ಇಲ್ಲದ ಮತ್ತು ಅಂಗವೈಕಲ್ಯ ಇರೋ ಕಲಾವಿದರ ಕೆಲಸ ಮಾರೋದು, ಮಾರಾಟದ ಲಾಭದಲ್ಲಿ 55% ಕಲಾವಿದರಿಗೆ ಅಂತ ಹೇಳಿಕೊಂಡೇ ಮಾರತ್ತೆ. ಇಲ್ಲಿಯೋರೂ ಹಾಗೆ ಒಂದು ಬೋರ್ಡ್ ಹಾಕಲಿ, ಕಣ್ಣೀರಿನ ಕಥೆಯ ಬೋರ್ಡ್ ಜಾಗದಲ್ಲಿ.

ಬಿಲ್ ಟ್ರೇಲರ್ ಅಂತ ಒಬ್ಬರಿದ್ರು, ಅಮೆರಿಕದ ಅಲಬಾಮಾದಲ್ಲಿ ಗುಲಾಮರಾಗಿ ಹುಟ್ಟಿದೋರು. ಎಂಬತ್ತು ದಾಟಿದ ಮೇಲೆ, 1939ರ ಹೊತ್ತಿಗೆ, ಮಾಂಟ್ಗೊಮೆರಿ ಊರಿನ ಬೀದಿ ಬದೀಲಿ ಕೂತು ರಟ್ಟಿನ ತುಂಡುಗಳ ಮೇಲೆ ಬರೆಯೋಕೆ ಶುರು ಮಾಡಿದ್ರು, ರಾತ್ರಿ ಶವಸಂಸ್ಕಾರದ ಅಂಗಡಿಯ ಹಿಂದಿನ ಕೋಣೇಲಿ ಮಲಗೋರು. ಚಾರ್ಲ್ಸ್ ಶಾನನ್ ಅನ್ನೋ ಯುವ ಚಿತ್ರಕಾರ ಅವರಿಗೆ ಬಣ್ಣ ತಂದುಕೊಡ್ತಾ, ಬರೆದದ್ದನ್ನ ಜೋಪಾನ ಮಾಡಿಟ್ಟರು. ಹಾಗೆ ಉಳಿದದ್ದು ಸಾವಿರಕ್ಕೂ ಹೆಚ್ಚು ಚಿತ್ರ. ಇವತ್ತು ಅವರು ಬರೆದ ನಾಯಿ, ಟೋಪಿ ಹಾಕಿದ ಗಂಡಸರನ್ನ ದೊಡ್ಡ ಮ್ಯೂಸಿಯಂಗಳಲ್ಲಿ ನೋಡೋಕೆ ಹೋಗೋರು ಪಾಪ ಅಂತ ಹೋಗಲ್ಲ, ಆ ಚಿತ್ರ ಅಷ್ಟು ಚೆನ್ನಾಗಿದೆ ಅಂತ ಹೋಗ್ತಾರೆ. ನಿಮ್ಮ ಮನೆ ಗೋಡೆ ಮೇಲಿರೋ ಚಿತ್ರಾನ ನೋಡಿದೋರು ಯಾರದ್ದು ಅಂತ ಕೇಳಿದ್ರೆ ಕಲಾವಿದರ ಹೆಸರಷ್ಟೇ ಹೇಳಿ ಸಾಕು.

ಪ್ರಶ್ನೆ: ನಾನು ಆಶ್ರಯಕೇಂದ್ರದಲ್ಲಿ ಕೇರ್‌ಟೇಕರ್. ನಮ್ಮಲ್ಲಿರೋ ಒಬ್ಬರ ಎರಡು ಚಿತ್ರ ಮಾರಾಟ ಆಯ್ತು, ಕೊಂಡೋರು ಆನ್‌ಲೈನಲ್ಲೇ ಕಳಿಸ್ತೀವಿ ಅಂತಾರೆ, ಇವರಿಗೆ ಅಕೌಂಟೇ ಇಲ್ಲ, ಯಾವ ದಾಖಲೆನೂ ಇಲ್ಲ. ನನ್ನ ಅಕೌಂಟಿಗೆ ಹಾಕಿಸಲಾ?

ಉತ್ತರ: ಬೇಡ ಸಾರ್, ನಿಮ್ಮ ಮನಸ್ಸು ಶುದ್ಧ ಇದ್ರೂ ನಾಳೆ ನಿಮಗೇ ತೊಂದರೆ, ಅವರಿಗೂ ತಮ್ಮ ದುಡ್ಡು ತಾವೇ ತೆಗೆದ ಹಾಗಾಗಲ್ಲ. ದಾಖಲೆ ಇಲ್ಲದೋರಿಗೂ ಬ್ಯಾಂಕಲ್ಲಿ ‘ಸ್ಮಾಲ್ ಅಕೌಂಟ್’ ತೆಗೆಯೋ ಅವಕಾಶ ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಇದೆ: ಒಂದು ಫೋಟೋ, ಬ್ಯಾಂಕಿನೋರ ಎದುರಿಗೆ ಸಹಿ ಇಲ್ಲ ಹೆಬ್ಬೆಟ್ಟು, ಅಷ್ಟೇ. ಅಕೌಂಟಲ್ಲಿ 50,000ಕ್ಕಿಂತ ಹೆಚ್ಚು ಇರಬಾರದು, ವರ್ಷಕ್ಕೆ ಒಟ್ಟು 1 ಲಕ್ಷದವರೆಗೆ ಜಮಾ ಆಗಬಹುದು, ತಿಂಗಳಿಗೆ 10,000 ತೆಗೀಬಹುದು. ಮೊದಲು 12 ತಿಂಗಳು ನಡೆಯತ್ತೆ, ಅಷ್ಟರಲ್ಲಿ ಆಧಾರ್ ಥರದ್ದಕ್ಕೆ ಅರ್ಜಿ ಹಾಕಿರೋದು ತೋರಿಸಿದ್ರೆ ಇನ್ನೊಂದು 12 ತಿಂಗಳು. ಕೌಂಟರಲ್ಲಿ ‘ಆಗಲ್ಲ’ ಅಂದ್ರೆ ಮ್ಯಾನೇಜರ್ ಹತ್ರಾನೇ ಹೋಗಿ ಸ್ಮಾಲ್ ಅಕೌಂಟ್ ಅಂತಾನೇ ಕೇಳಿ. ಆಧಾರ್‌ಗೆ ವಿಳಾಸದ ಪುರಾವೆ ಬೇಕಲ್ಲ, ಅದಕ್ಕೆ ಮಾನ್ಯತೆ ಇರೋ ಆಶ್ರಯಕೇಂದ್ರದ ಮುಖ್ಯಸ್ಥರು ಆಧಾರ್ ಕೊಡೋ ಪ್ರಾಧಿಕಾರ ಯುಐಡಿಎಐನ ನಮೂನೇಲಿ ಸರ್ಟಿಫಿಕೇಟ್ ಕೊಡಬಹುದು, ನಿಮ್ಮ ಮೇಲಿನೋರಿಗೆ ಹೇಳಿ ಈ ವಾರವೇ ಬರೆಸಿಕೊಳ್ಳಿ. ಅಕೌಂಟ್ ಆಗೋವರೆಗೂ ಕೊಂಡೋರಿಗೆ ನಗದು ಕೊಡೋಕೆ ಹೇಳಿ, ಎರಡು ಪ್ರತಿ ರಸೀದಿ ಬರೆದು ಒಂದನ್ನ ಕಲಾವಿದರ ಕೈಗೇ ಕೊಡಿ.