ಬರ್ನ್‌ನಿಂದ ಒಂದೇ ದಿನದಲ್ಲಿ ಬೆಟ್ಟವೂ ಬೇಕು, ಸರೋವರವೂ ಬೇಕು ಅಂದರೆ

ಜುಲೈನಲ್ಲಿ ಸ್ವಿಟ್ಜರ್ಲೆಂಡ್‌ನ ಬರ್ನ್‌ಗೆ ಹೋಗುತ್ತೀರಿ, ಒಂದೇ ದಿನ ಬಿಡುವಿದೆ, ಯಜಮಾನರಿಗೆ ಇಳಿಯುವಾಗ ಮಂಡಿ ನೋವು ಅಂತ ಬರೆದಿದ್ದೀರಿ. ಯೋಚನೆಯೇ ಬೇಡ, ಓಶಿನೆನ್ ಸರೋವರಕ್ಕೆ ಹೋಗಿ. ಕಾಂಡರ್‌ಸ್ಟೆಗ್ ಹಳ್ಳಿಯವರೆಗೆ ರೈಲು, ಅಲ್ಲಿಂದ ಗೊಂಡೋಲಾ, ಅಂದರೆ ಕೇಬಲ್ ಕಾರ್. ಸರೋವರ ಇರುವುದು 1,578 ಮೀಟರ್ ಎತ್ತರದಲ್ಲಿ. ಸುತ್ತಲಿನ ಬಂಡೆಗಳಿಂದ ಜಲಪಾತಗಳು ಇಳಿಯುತ್ತವೆ, ಮೇಲೆ ಹಿಮದ ಶಿಖರಗಳು. ನೀರಿನ ಆ ನೀಲಿ ಯಾವ ಫೋಟೋದಲ್ಲೂ ಸರಿಯಾಗಿ ಬರುವುದಿಲ್ಲ!

ಜಾಸ್ತಿ ಜನ ಮೊದಲು ಸರೋವರದ ಮೇಲಿನ ಹಾಯ್‌ಬೆರ್ಗ್ ಬೆಟ್ಟದ ಕಡೆ ಹತ್ತಿ, ಓಬರ್‌ಬೆರ್ಗ್ಲಿ ಎಂಬ ಬೆಟ್ಟದ ಹುಲ್ಲುಗಾವಲಿನಿಂದ ಸರೋವರಕ್ಕೆ ಇಳಿಯುತ್ತಾರೆ. ಆ ಇಳಿಜಾರಿನಲ್ಲಿ ಸುಮಾರು 400 ಮೀಟರ್ ಎತ್ತರ ಇಳಿಯಬೇಕು, ಕಡಿದಾಗಿದೆ. ನೀವು ಉಲ್ಟಾ ಮಾಡಿ. ಮೊದಲು ಸರೋವರದ ದಡ, ಅಲ್ಲಿಂದ ಓಬರ್‌ಬೆರ್ಗ್ಲಿಗೆ ಹತ್ತುವುದು, ಹಾಯ್‌ಬೆರ್ಗ್ ಮೇಲಿಂದ ವಾಪಸ್. ಕಡಿದಾದ ಭಾಗವನ್ನು ಹತ್ತಿಬಿಟ್ಟರೆ ಮಂಡಿಗೆ ಅಷ್ಟು ಹೊರೆ ಬೀಳುವುದಿಲ್ಲ. ಆದರೂ ಊರುಗೋಲು ಇರಲಿ.

ಹಾಯ್‌ಬೆರ್ಗ್ ದಾರಿ ಕೆಲವು ಕಡೆ ಕಿರಿದು, ಪಕ್ಕದಲ್ಲೇ ಆಳ. ನಿಮ್ಮಿಬ್ಬರಲ್ಲಿ ಯಾರಿಗಾದರೂ ಎತ್ತರದ ಭಯ ಇದ್ದರೆ ಸರೋವರದ ಹತ್ತಿರವೇ ದಿನ ಕಳೆಯಿರಿ, ಅದೇನೂ ಕಮ್ಮಿ ಅಲ್ಲ.

ಅಲ್ಲಿನ ಹಳದಿ ಫಲಕಗಳಲ್ಲಿ ದೂರದ ಬದಲು ಸಮಯ ಬರೆದಿರುತ್ತದೆ. ಅದು ನಡಿಗೆಯ ಸಮಯ ಮಾತ್ರ, ಕೂರುವುದು, ತಿನ್ನುವುದು ಸೇರಿಲ್ಲ. ಹಾಗಾಗಿ ಬೆಳಿಗ್ಗೆ ಬೇಗ ಹೊರಡಿ, ಯಜಮಾನರೇ ಮುಂದೆ ನಡೆಯಲಿ, ವೇಗ ಅವರದೇ ಇರಲಿ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು, ಮಳೆ ಜಾಕೆಟ್ ಮರೆಯಬೇಡಿ. ಕೊನೆಯ ಗೊಂಡೋಲಾ ಎಷ್ಟು ಹೊತ್ತಿಗೆ ಅಂತ ಮೇಲೆ ಹೋಗುವಾಗಲೇ ಕೇಳಿಟ್ಟುಕೊಳ್ಳಿ, ಅದು ತಪ್ಪಿದರೆ ಕಾಂಡರ್‌ಸ್ಟೆಗ್‌ವರೆಗೂ ನಡೆದೇ ಇಳಿಯಬೇಕಾಗುತ್ತದೆ.