ಮೆಗ್ನೀಸಿಯಂ ಬಾಡಿಯ ಮೇಲೆ ಅಲ್ಯೂಮಿನಿಯಂ ಪಟ್ಟಿ ಬೆಸೆಯಬಹುದಾ?

ಶಿರಸಿಯ ನಿಮ್ಮ ವರ್ಕ್‌ಶಾಪಿನಲ್ಲಿ ಚೈನ್‌ಸಾದ ಮೆಗ್ನೀಸಿಯಂ ಬಾಡಿಯ ಮೇಲೆ ಅಲ್ಯೂಮಿನಿಯಂ ಪಟ್ಟಿ ಟಿಗ್ ವೆಲ್ಡಿಂಗ್ (ಕರೆಂಟಿನ ಕಿಡಿಯ ಬಿಸಿಗೆ ಲೋಹ ಕರಗಿಸಿ ಬೆಸೆಯುವುದು) ಮಾಡಿದರೆ ಆರುವಾಗಲೇ ಬಿರುಕು ಬಿಡುತ್ತದೆ, ಲೋಹವನ್ನು ಉಜ್ಜಿ ಕಲಸಿ ಬೆಸೆಯುವ ಫ್ರಿಕ್ಷನ್ ಸ್ಟಿರ್ ವೆಲ್ಡಿಂಗನ್ನು ಲೋಹ ಕೆತ್ತುವ ಮಿಲ್ಲಿಂಗ್ ಮಶಿನ್ನಿನಲ್ಲೇ ಮಾಡಬಹುದಾ ಅಂತ ಕೇಳಿದ್ದೀರಿ. ಸಪಾಟು ತಗಡಾದರೆ ಮಾಡಬಹುದು. ಚೈನ್‌ಸಾದ ಬಾಡಿಯ ಮೇಲೆ ಬೇಡ.

ಬಿರುಕಿಗೆ ನಿಮ್ಮ ಕೈಗುಣ ಕಾರಣವಲ್ಲ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಮೆಗ್ನೀಸಿಯಂ 650ಕ್ಕೆ. ಆದರೆ ಎರಡೂ ಬೆರೆತ ಜಾಗ ಸುಮಾರು 437ಕ್ಕೇ ನೀರಾಗಿಬಿಡುತ್ತದೆ. ಗಟ್ಟಿಯಾಗುವಾಗ ಅಲ್ಲಿ ಎರಡೂ ಸೇರಿ ಹೊಸದೇ ಒಂದು ಸಂಯುಕ್ತ ಹುಟ್ಟುತ್ತದೆ, ಗಾಜಿನಂತೆ ಪಟಕ್ಕನೆ ಒಡೆಯುವಂಥದ್ದು.

1991ರಲ್ಲಿ ಇಂಗ್ಲೆಂಡಿನ ವೆಲ್ಡಿಂಗ್ ಇನ್‌ಸ್ಟಿಟ್ಯೂಟಿನವರು ಕಂಡುಹಿಡಿದ ಫ್ರಿಕ್ಷನ್ ಸ್ಟಿರ್ ವಿಧಾನದಲ್ಲಿ ಲೋಹವನ್ನು ಕರಗಿಸುವುದಿಲ್ಲ. ಗಟ್ಟಿ ಉಕ್ಕಿನ ಪಿನ್ ಗಿರಗಿರ ತಿರುಗುತ್ತಾ ಜಾಯಿಂಟಿನೊಳಗೆ ಇಳಿಯುತ್ತದೆ, ಅದರ ಭುಜ (ಪಿನ್ನಿನ ಮೇಲಿನ ಅಗಲ ಭಾಗ) ಮೇಲಿಂದ ಒತ್ತುತ್ತದೆ, ಘರ್ಷಣೆಯ ಬಿಸಿಗೆ ಮೆತ್ತಗಾದ ಲೋಹ ಕಲಸಿಕೊಳ್ಳುತ್ತದೆ. ಪಟಕ್ಕನೆ ಒಡೆಯುವ ಆ ಸಂಯುಕ್ತದ ಪದರ ಇಲ್ಲೂ ಹುಟ್ಟುತ್ತದೆ, ಆದರೆ ತೀರಾ ತೆಳುವಾಗಿ. ಪಿನ್ ತಿರುಗುವ ಸ್ಪೀಡ್ ಹೆಚ್ಚಿಟ್ಟು ಅದನ್ನು ಜಾಯಿಂಟಿನುದ್ದಕ್ಕೂ ನಿಧಾನ ಸರಿಸಿದರೆ ಬಿಸಿ 437 ದಾಟಿ, ಟಿಗ್‌ನಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ಬಿಸಿ ಕಡಿಮೆಯಾದರೆ ಒಳಗೆ ಸುರಂಗದಂತೆ ಟೊಳ್ಳು ಉಳಿಯುತ್ತದೆ, ಮೇಲಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಈ ಹದ ಸಿಗುವ ತನಕ ಸ್ಕ್ರ್ಯಾಪ್ ತುಂಡುಗಳ ಮೇಲೇ ಕೈ ಪಳಗಿಸಿ.

ತಗಡಿನ ಕೆಳಗೆ ದಪ್ಪ ಉಕ್ಕಿನ ಪ್ಲೇಟ್ ಬೇಕು, ಕ್ಲ್ಯಾಂಪ್ ಅಲುಗಾಡಬಾರದು. ಪಿನ್ ಒತ್ತುವ ಭಾರ ನೂರಾರು ಕಿಲೋ. ಹಳೇ ಮಿಲ್ಲಿಂಗ್ ಮಶಿನ್ನಿನ ಸ್ಪಿಂಡಲ್ ಬೇರಿಂಗಿಗೆ ಅದು ಕೆಟ್ಟ ಕೆಲಸ. ಟೊಳ್ಳು ಬಾಡಿ ಆ ಒತ್ತಡಕ್ಕೇ ಸೀಳುತ್ತದೆ, ನಾನು ಬೇಡ ಅಂದದ್ದು ಅದಕ್ಕೇ. ಮೆಗ್ನೀಸಿಯಂ ಸಣ್ಣ ತುರಿ ಉರಿದರೆ ನೀರು ಹಾಕಲೇಬೇಡಿ, ಬೆಂಕಿ ಇನ್ನೂ ಜೋರಾಗುತ್ತದೆ. ಒಣ ಮರಳಿನ ಬಕೆಟ್ ಪಕ್ಕದಲ್ಲಿರಲಿ.

ಇಷ್ಟೆಲ್ಲ ಮಾಡಿ ಗಟ್ಟಿ ಬೆಸುಗೆ ಬಂತು ಅಂದುಕೊಳ್ಳಿ, ಆ ಸಾಮಾನು ಘಟ್ಟ ಇಳಿದು ನಮ್ಮ ಕಾರವಾರಕ್ಕೆ ಬಂದರೆ ಕಥೆಯೇ ಬೇರೆ. ಬೈತಖೋಲ ಬಂದರಿನ ಉಪ್ಪುಗಾಳಿಯಲ್ಲಿ ಎರಡು ಲೋಹ ಒಂದಕ್ಕೊಂದು ತಾಗಿದರೆ ಬ್ಯಾಟರಿಯಾಗುತ್ತದೆ, ಸವೆಯುವುದು ಮೆಗ್ನೀಸಿಯಂ. ಬಣ್ಣ ಗೀರಿದ ಜಾಗದಲ್ಲಿ ಬಿಳಿ ಪುಡಿ ಏಳುತ್ತದಲ್ಲ, ಅದೇ.

ಚೈನ್‌ಸಾಗೆ ಬೋಲ್ಟೇ ಸಾಕು. ಉಕ್ಕಿನ ಬೋಲ್ಟ್ ನೇರ ತಾಗದಂತೆ ನೈಲಾನ್ ಬುಶ್, ತಲೆಯ ಕೆಳಗೆ ಅಲ್ಯೂಮಿನಿಯಂ ವಾಶರ್ ಹಾಕಿ, ಸಂದಿಗೆಲ್ಲ ಸೀಲಂಟ್ ತುಂಬಿ.